ಮುಂಚೆಯೇ ಕೊರೆದ ಹೆಸರು

ಯೆಡ್ಲಿನಾದಲ್ಲಿ ಯಾರ ಮನೆಗಾದರೂ ಹೋಗಿ, ಆದರೆ ನೀರು ಕೊಟ್ಟ ಲೋಟವನ್ನು ಮಾತ್ರ ಹೊಗಳಬೇಡಿ. ಹೊಗಳಿದಿರೋ, ನಿಮ್ಮ ಮಧ್ಯಾಹ್ನ ಮುಗಿಯಿತು ಅಂತಲೇ ಲೆಕ್ಕ. ಅದನ್ನು ಊದಿದವರು ಯಾರು, ಮಸೆದವರು ಯಾರು, ಆ ಮಸೆದವರ ಮಾವ ಎಂಥ ಕುಡುಕ, ಎಲ್ಲ ಹೇಳಿ, ಕೊನೆಗೆ ಲೋಟದ ಅಂಚಿನಲ್ಲಿ ಒಂದು ಕೊರತೆ ತೋರಿಸಿಯೇ ನಿಮ್ಮನ್ನು ಬಿಡುತ್ತಾರೆ. ಚೆಕ್ ದೇಶದ ಬೊಹೀಮಿಯಾದ ಉತ್ತರದ ಗುಡ್ಡಗಳ ನಡುವಿನ ನಮ್ಮ ಊರಿಗೆ ಗಾಜು ಬಿಟ್ಟರೆ ಬೇರೆ ಕಸುಬಿಲ್ಲ, ಅಣಬೆ ಬಿಟ್ಟರೆ ಬೇರೆ ಹುಚ್ಚಿಲ್ಲ. ಯಾರ್ಮಿಲಾಗೆ ಮೊದಲನೆಯದು ಮಾತ್ರ ಇತ್ತು. ಅವಳ ಗಂಡ ಓಟಾಗೆ ಎರಡೂ ಇದ್ದವು. ಆ ವರ್ಷ ಸಂತ ವಾಟ್ಸ್ಲಾವನ ಹಬ್ಬದ ದಿನ ಯಾರ್ಮಿಲಾ ಮಾಡಿಕೊಂಡ ಎಡವಟ್ಟಿಗೆ ಮೂಲ ಇಷ್ಟೇ.

ಯಾರ್ಮಿಲಾ ಗಾಜಿನ ಮೇಲೆ ಕೊರೆಯುವವಳು. ಊರಿನ ಗಾಜಿನ ಶಾಲೆಯಲ್ಲಿ ಕಲಿತು ಕಾರ್ಖಾನೆ ಸೇರಿದಳು. ಕಾರ್ಖಾನೆ ಮುಚ್ಚಿದ ಮೇಲೆ ಎಲ್ಲರೂ ಪ್ರಾಗ್ ಕಡೆ ಮುಖ ಮಾಡಿದರೆ ಇವಳು ಹಿತ್ತಲ ಕೋಳಿಗೂಡಿನ ಕಡೆ ಮುಖ ಮಾಡಿದಳು. ಕೋಳಿಗಳು ಒಂದೊಂದಾಗಿ ಸಾರಿನ ಪಾತ್ರೆ ಸೇರಿದವು, ಗೂಡಿಗೆ ಸುಣ್ಣ ಬಿತ್ತು, ನಡುವೆ ಒಂದು ಹಲಗೆ ಗೋಡೆ ಎದ್ದಿತು. ಆಚೆ ಕಡೆ ಓಟಾ ಗಾಜು ಮಸೆಯುವುದು, ಈಚೆ ಕಡೆ ಇವಳು ಕೊರೆಯುವುದು. ಮಳೆಗಾಲದಲ್ಲಿ ಇವತ್ತಿಗೂ ಅಲ್ಲಿ ಸಣ್ಣಗೆ ಕೋಳಿ ವಾಸನೆ ಬರುತ್ತದೆ. ಬಹುಮಾನ ಗೆದ್ದವರಿಗೆ ಅದು ಗೊತ್ತಾಗುವುದಿಲ್ಲ ಬಿಡಿ.

ಅವಳ ಬಳಿ ಬರುತ್ತಿದ್ದದ್ದೆಲ್ಲ ಬಹುಮಾನಕ್ಕೆ ಕೊಡುವ ದಪ್ಪ ಗಾಜಿನ ಫಲಕಗಳೇ. ಹಿಮದ ಮೇಲೆ ಜಾರುವವರು, ಸೈಕಲ್ ತುಳಿಯುವವರು, ಬಿಯರ್ ತಯಾರಿಸುವವರು, ದೊಡ್ಡ ಕುಂಬಳಕಾಯಿ ಬೆಳೆದವರು, ಇವರೆಲ್ಲರ ಹೆಸರು ಒಂದಲ್ಲ ಒಂದು ದಿನ ನಮ್ಮೂರ ಕೋಳಿಗೂಡಿಗೆ ಬಂದೇ ಬರಬೇಕು. ವಿಮಾ ಕಂಪನಿಯವರಂತೂ ವರ್ಷದ ಶ್ರೇಷ್ಠ ಏಜೆಂಟನ ಹೆಸರನ್ನು ಸಮಾರಂಭಕ್ಕೆ ಎಷ್ಟೋ ಮುಂಚೆಯೇ ಅವಳಿಗೆ ತಿಳಿಸಿಬಿಡುತ್ತಿದ್ದರು. ಆಮೇಲೆ ವೇದಿಕೆಯ ಮೇಲೆ ಲಕೋಟೆ ಒಡೆಯುವುದೇನು, ಏಜೆಂಟ್ ಎದೆ ಮೇಲೆ ಕೈಯಿಟ್ಟುಕೊಂಡು ಬೆರಗಾಗುವುದೇನು. ಯಾರ್ಮಿಲಾ ಟಿವಿ ಮುಂದೆ ಆಲೂಗಡ್ಡೆ ಸುಲಿಯುತ್ತಾ, "ಆ ಮುಖ ನೋಡು ಆ ಮುಖಾನ. ಅವನ ಹೆಸರು ಈಸ್ಟರ್ ಹೊತ್ಗೇ ನಮ್ಮ ಕಪಾಟಲ್ಲಿತ್ತು" ಅನ್ನುತ್ತಿದ್ದಳು. ಗೆದ್ದವರ ಹೆಸರು ಗೆಲ್ಲುವ ಮುಂಚೆಯೇ ಬರೆದಿಡುವುದು ಅವಳಿಗೆ ದಿನನಿತ್ಯದ ಕೆಲಸ. ಅದರಲ್ಲಿ ತಪ್ಪೇನಾದರೂ ಇದೆ ಅಂತ ಅವಳಿಗೆ ಅನ್ನಿಸಿದ್ದೇ ಇಲ್ಲ.

ಕೆಲಸ ಮಾತ್ರ ಅಷ್ಟು ಸುಲಭದ್ದಲ್ಲ. ನಿಮ್ಮ ಹೆಬ್ಬೆರಳಿನಷ್ಟಗಲದ ತಾಮ್ರದ ಚಕ್ರ ಗಿರಗಿರ ತಿರುಗುತ್ತಿರುತ್ತದೆ, ಅದಕ್ಕೆ ಎಣ್ಣೆಯಲ್ಲಿ ಕಲಸಿದ ಕುರುಂದದ ಗಟ್ಟಿ ಕಲ್ಲಿನ ಪುಡಿ ಬಳಿಯಬೇಕು, ಗಾಜನ್ನು ಕೆಳಗಿನಿಂದ ಅದಕ್ಕೆ ಒತ್ತಬೇಕು. ಚಕ್ರ ಗಾಜನ್ನು ಮುಟ್ಟುವ ಜಾಗ ಕಣ್ಣಿಗೆ ಕಾಣುವುದೇ ಇಲ್ಲ, ಎಣ್ಣೆ ಮುಚ್ಚಿಬಿಟ್ಟಿರುತ್ತದೆ. ಕಿವಿಯೇ ಕಣ್ಣು. ಅದೂ ಗಾಜಿನ ಬೆನ್ನ ಮೇಲೆ ಕೊರೆಯಬೇಕು, ಮುಂದಿನಿಂದ ನೋಡುವವರಿಗಾಗಿ. ಹಾಗಾಗಿ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಚಿತ್ರವೂ ಅಷ್ಟೇ, ಎಲ್ಲಿ ಹೆಚ್ಚು ಆಳ ಕೊರೆದಿದ್ದೀರೋ ಅದು ಮುಂದಿನಿಂದ ನೋಡಿದರೆ ಉಬ್ಬಿಕೊಂಡು ನಿಮ್ಮ ಹತ್ತಿರಕ್ಕೆ ಬರುತ್ತದೆ. ಒಮ್ಮೆ ನಾಯಿಗಳ ಪ್ರದರ್ಶನಕ್ಕೆ ಗಿಡ್ಡಕಾಲಿನ ನಾಯಿಯ ಚಿತ್ರ ಕೊರೆಯುವಾಗ ಓಟಾನ ಜತೆ ಜಗಳವಾಡುತ್ತಾ ಕೈ ಆಳಕ್ಕೆ ಹೋಗಿ, ನಾಯಿಯ ಮೂಗು ಮೊಸಳೆಯ ಹಾಗೆ ಮುಂದಕ್ಕೆ ಚಾಚಿಕೊಂಡುಬಿಟ್ಟಿತ್ತು. ನಾಯಿಯ ಯಜಮಾನಿ ನೋಡಿ, "ಅಯ್ಯೋ, ನಮ್ಮ ಫೆರ್ಡಾ ಹಂಗೇ ಇದಾನೆ" ಅಂತ ಕಣ್ಣೊರೆಸಿಕೊಂಡಳಂತೆ.

ಇನ್ನು ಓಟಾ. ಕುಲುಮೆಯಿಂದ ಬಂದ ಗಾಜಿನ ಗಟ್ಟಿ ಮಂಜುಗಡ್ಡೆಯ ತುಂಡಿನ ಹಾಗೆ ಮಂಕಾಗಿರುತ್ತದೆ. ಅದನ್ನು ಮೊದಲು ಕಬ್ಬಿಣದ ಚಕ್ರಕ್ಕೆ, ಆಮೇಲೆ ಮರಳುಗಲ್ಲಿಗೆ, ಕೊನೆಗೆ ಉಣ್ಣೆಯ ಚಕ್ರಕ್ಕೆ ಹಿಡಿದು, ಅಂಚಿಗೆ ಇಳಿಜಾರು ಕೊಟ್ಟು, ಒಳಗೆ ಬೆಳಕು ಓಡಾಡುವ ಹಾಗೆ ಮಾಡುವವನು ಅವನು. ಕಾರ್ಖಾನೆಯಲ್ಲಿ ಅವರಿಬ್ಬರಿಗೆ ಪರಿಚಯವಾದದ್ದೂ ಇದರಿಂದಲೇ. "ನೀನು ಇಷ್ಟೊಂದು ಹೊಳಪು ಕೊಟ್ರೆ ನನ್ನ ತಪ್ಪೆಲ್ಲ ಕಾಣತ್ತೆ" ಅಂತ ಇವಳು ಹೋಗಿ ಬೈದಳು. "ತಪ್ಪು ಮಾಡ್ಬೇಡ, ಸರಿಹೋಗತ್ತೆ" ಅಂದ ಅವನು, ತಲೆ ಎತ್ತದೆ. ಆ ಮಾತಿಗೆ ಸಿಟ್ಟು ಬಂದು ಯಾರ್ಮಿಲಾ ಒಂದು ತಿಂಗಳು ಮಾತು ಬಿಟ್ಟಳು, ಮಾತು ಶುರು ಮಾಡಿದ ಮೇಲೆ ಮದುವೆಯಾಗದೆ ಬೇರೆ ದಾರಿಯಿರಲಿಲ್ಲ. ಓಟಾ ಮಾತು ಕಡಿಮೆ. ಅಣಬೆ ಕಾಲದಲ್ಲಂತೂ ಇನ್ನೂ ಕಡಿಮೆ, ಬಾಯಿ ತಪ್ಪಿ ಜಾಗ ಹೇಳಿಬಿಟ್ಟರೆ ಅನ್ನುವ ಭಯ.

ನಮ್ಮೂರಲ್ಲಿ ಅಣಬೆ ಸಿಗುವ ಜಾಗವನ್ನು ಹೆತ್ತ ಮಗನಿಗೂ ಹೇಳುವುದಿಲ್ಲ. ಸಂತ ವಾಟ್ಸ್ಲಾವನ ಹಬ್ಬಕ್ಕೆ ಅಣಬೆ ಸಂಘದ ಸ್ಪರ್ಧೆ. ಬೆಳಕು ಹರಿದಾಗ ಕಾಡು ಹೊಕ್ಕವರು ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಬುಟ್ಟಿ ತಂದು ಅಗ್ನಿಶಾಮಕ ದಳದ ಹಾಲ್‌ನಲ್ಲಿ ಇಡಬೇಕು. ಎಣಿಕೆಗೆ ಬರುವುದು ಹ್ರೀಬ್ ಅಣಬೆ ಮಾತ್ರ, ಅದೇ, ಕಂದು ಟೋಪಿ ಇಟ್ಟುಕೊಂಡು ದಪ್ಪ ಹೊಟ್ಟೆ ಬಿಟ್ಟುಕೊಂಡು ನಿಲ್ಲುವ ಅಣಬೆಗಳ ರಾಜ. ಸಂಘದ ಅಧ್ಯಕ್ಷೆ ಹೆರ್ಮಿನಾ, ಹಿಂದೆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು, ಒಂದೊಂದನ್ನೂ ಚಾಕುವಿನಿಂದ ಸೀಳಿ ನೋಡಿ ಹುಳ ಬಿದ್ದದ್ದನ್ನು ಎಸೆದು ಉಳಿದದ್ದನ್ನು ತೂಗುತ್ತಾಳೆ. ಸಂಜೆ ಊಟ, ವಾದ್ಯ, ಗೆದ್ದವರಿಗೆ ಸ್ಫಟಿಕದ ಗಾಜು. ಗಾಜಿಗೆ ಓಟಾನ ಮಸೆತ, ಯಾರ್ಮಿಲಾಳ ಹ್ರೀಬ್. ಹೆಸರು ಮಾತ್ರ ಮಧ್ಯಾಹ್ನ ಗೊತ್ತಾದ ಮೇಲೆ ಕೊರೆದು ಸಂಜೆಗೆ ತಂದುಕೊಡಬೇಕು.

ಆ ಹೆಸರೋ, ವರ್ಷಾನುವರ್ಷದಿಂದ ಒಂದೇ. ಲುಬೋರ್. ಕಾರ್ಖಾನೆಯಲ್ಲಿ ಮಸೆಯುವ ವಿಭಾಗದ ಮೇಸ್ತ್ರಿಯಾಗಿದ್ದವನು, ಓಟಾನ ಹಳೆಯ ಮೇಲಧಿಕಾರಿ, ಈಗ ನಿವೃತ್ತ. ಅವನ ಮನೆಯ ಕಿಟಕಿಯಲ್ಲಿ ಯಾರ್ಮಿಲಾ ಕೊರೆದ ಹ್ರೀಬ್‌ಗಳು ಸಾಲಾಗಿ ನಿಂತಿವೆ. ಓಟಾ ಪ್ರತಿ ವರ್ಷ ಎರಡನೆಯವನು. ಎರಡನೆಯವನಿಗೆ ಒಂದು ಸಾಸೇಜ್ ಸರ. ಓಟಾ ಅದನ್ನು ಕುತ್ತಿಗೆಗೆ ಹಾಕಿಕೊಂಡು ನಗುನಗುತ್ತಾ ಮನೆಗೆ ಬರುತ್ತಿದ್ದ, ಒಂದು ವಾರ ಅದನ್ನೇ ತಿನ್ನುತ್ತಿದ್ದರು.

ಇಷ್ಟೂ ವರ್ಷ ಯಾರ್ಮಿಲಾ ಹಬ್ಬದ ಮಧ್ಯಾಹ್ನವನ್ನು ಕೋಳಿಗೂಡಿನಲ್ಲಿ ಕಳೆದಿದ್ದಳು. ಊರೆಲ್ಲ ಮೈದಾನದಲ್ಲಿ ಕೂತು ಹೊಸ ದ್ರಾಕ್ಷಾರಸ ಹೀರುತ್ತಿದ್ದರೆ ಇವಳು ಎಣ್ಣೆ ಕೈಯಲ್ಲಿ ಲುಬೋರನ ಹೆಸರು ಬರೆಯುತ್ತಿರಬೇಕು. ಆ ಸಲ ಅವಳಿಗೆ ರೇಗಿಹೋಯಿತು. ಬರೆಯುವುದು ಹೇಗೂ ಲುಬೋರ್ ಅಂತಲೇ, ಅದಕ್ಕೆ ಮಧ್ಯಾಹ್ನದವರೆಗೆ ಯಾಕೆ ಕಾಯಬೇಕು ಅಂದುಕೊಂಡಳು. ಹಬ್ಬಕ್ಕೆ ಒಂದು ವಾರ ಮುಂಚೆ, ಓಟಾ ಕಾಡಿಗೆ ಹೋದ ಹೊತ್ತು ನೋಡಿ, ಹೆಸರು ಕೊರೆದು, ಗಾಜನ್ನು ತೆಳು ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಓಟಾಗೆ ಹೇಳಲಿಲ್ಲ. ಹೇಳಬಾರದು ಅಂತಲ್ಲ, ಹೇಳುವಂಥದ್ದು ಅನ್ನಿಸಲೇ ಇಲ್ಲ. ಇದ್ದರೂ ಇರಬಹುದು ಸ್ವಲ್ಪ ಅಳುಕು. ಇರದಿದ್ದರೆ ಅವನು ಇಲ್ಲದ ಹೊತ್ತು ನೋಡುವುದು ಯಾಕೆ?

ಹಬ್ಬದ ದಿನ ಲುಬೋರನ ಬುಟ್ಟಿ ತುಂಬಿ ಮೇಲಕ್ಕೆ ಗೋಪುರದ ಹಾಗೆ ಏರಿತ್ತು. ನಡುವೆ ಮಗುವಿನ ತಲೆಯಷ್ಟು ದೊಡ್ಡದೊಂದು ಹ್ರೀಬ್. ಓಟಾನ ಬುಟ್ಟಿ ಅದರ ಪಕ್ಕದಲ್ಲಿ ಮೊಟಕಾಗಿ ಕಾಣುತ್ತಿತ್ತು, ಸಣ್ಣ ಸಣ್ಣ ಗಟ್ಟಿ ಅಣಬೆಗಳು. ಯಾರ್ಮಿಲಾ ಹೊಸ ರವಿಕೆ ತೊಟ್ಟು, ಕೈಯಲ್ಲಿ ದ್ರಾಕ್ಷಾರಸ ಹಿಡಿದು, ಹಾಲ್‌ನ ಬಾಗಿಲಲ್ಲಿ, ಬದುಕಿನಲ್ಲಿ ಮೊದಲ ಬಾರಿಗೆ ಹಬ್ಬದ ಮಧ್ಯಾಹ್ನದ ಬಿಸಿಲು ಕಾಯಿಸುತ್ತಾ ನಿಂತಿದ್ದಳು. ಹೆರ್ಮಿನಾ ಆ ದೊಡ್ಡ ಹ್ರೀಬನ್ನು ಸೀಳಿದಳು. ಒಳಗೆಲ್ಲ ಹುಳ ಕೊರೆದ ಸುರಂಗ. ಎಸೆದಳು. ಅದರ ಪಕ್ಕದ್ದು, ಅದೂ ಹಾಗೇ. ಎಸೆದಳು. "ಏನಯ್ಯ ಲುಬೋರ್, ಅಣಬೆ ತಂದಿದ್ದೀಯೋ, ಹುಳದ ಸಂಸಾರ ತಂದಿದ್ದೀಯೋ?" ಅಂದಳು. ಹಾಲ್ ನಕ್ಕಿತು. ಯಾರ್ಮಿಲಾಳ ಕಣ್ಣು ಮಾತ್ರ ಎಸೆದ ಅಣಬೆಗಳ ಗುಡ್ಡೆಯ ಮೇಲಿತ್ತು, ಅದು ಬೆಳೆಯುತ್ತಲೇ ಇತ್ತು. ಓಟಾನ ಬುಟ್ಟಿಯಲ್ಲಿ ಒಂದೇ ಒಂದಕ್ಕೂ ಹುಳ ಬಿದ್ದಿರಲಿಲ್ಲ.

ಎಲ್ಲರೂ ಓಟಾನ ಬೆನ್ನು ತಟ್ಟಿದರು. ಲುಬೋರ್ ಬಂದು ಟೋಪಿ ತೆಗೆದು, "ಮುದುಕನಾದೆ ಕಣಯ್ಯ, ಕಣ್ಣು ದೊಡ್ಡದನ್ನೇ ಹುಡುಕ್ತು" ಅಂದ. ಓಟಾ ಅವನ ಕೈ ಕುಲುಕಿ, ನೆಟ್ಟಗೆ ಹೆಂಡತಿಯ ಹತ್ತಿರ ಬಂದ. ಮುಖ ಹೊಸದಾಗಿ ಬಣ್ಣ ಬಳಿದ ಬಾಗಿಲಿನ ಹಾಗೆ ಹೊಳೆಯುತ್ತಿತ್ತು.

"ನಡಿ" ಅಂದ.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಹೆಸರು ಬರೆಯೋಕೆ. ನಾನೂ ಬರ್ತೀನಿ, ಪಕ್ಕದಲ್ಲಿ ನಿಂತು ನೋಡ್ತೀನಿ."

"ನೀನ್ಯಾಕೆ ಬರೋದು? ಇಲ್ಲೇ ಇರು. ಎಲ್ಲಾ ನಿನ್ನ ಜತೆ ಕುಡಿಯೋಕೆ ಕಾಯ್ತಿದಾರೆ."

"ಅವರ ಜತೆ ದಿನಾ ಕುಡೀತೀನಿ."

ದಾರಿಯುದ್ದಕ್ಕೂ ಯಾರ್ಮಿಲಾಳ ತಲೆ ಅವಳ ಚಕ್ರಕ್ಕಿಂತ ಜೋರಾಗಿ ತಿರುಗುತ್ತಿತ್ತು. ಕೊರೆಯುವವರಿಗೆ ಒಂದು ಹಳೆಯ ಉಪಾಯ ಇದೆ, ಊರಿನ ಮಕ್ಕಳಿಗೂ ಗೊತ್ತು. ಗಾಜಿನ ಮೇಲೆ ಮಾಡಿದ್ದನ್ನು ಅಳಿಸಲಾಗುವುದಿಲ್ಲ, ಹಾಗಾಗಿ ತಪ್ಪಾದ ಕಡೆ ಒಂದು ಎಲೆ ಬಿಡಿಸಿಬಿಡುವುದು. ಹೂದಾನಿಯ ಮೇಲೆ ಎಲೆ ಹೆಚ್ಚಾಗಿ ಕಂಡರೆ ನಮ್ಮವರು ಒಬ್ಬರ ಮುಖ ಒಬ್ಬರು ನೋಡಿ ಮೀಸೆಯಲ್ಲೇ ನಗುತ್ತಾರೆ. ಲುಬೋರನ ಹೆಸರಿನ ಮೇಲೆ ಒಂದು ಕೊಂಬೆಯನ್ನೇ ಹಬ್ಬಿಸಬಹುದು. ಆದರೆ ಅಣಬೆಯ ಬುಡದಲ್ಲಿ ಕಾರಣವಿಲ್ಲದೆ ಕೊಂಬೆ ಹಬ್ಬಿದರೆ ಓಟಾಗೆ ಗೊತ್ತಾಗದೆ ಇರುತ್ತದೆಯೇ? ಬೇರೆ ಗಾಜು ತರೋಣ ಅಂದರೆ ಈ ಗಾಜನ್ನು ಮಸೆದವನೇ ಅವನು, ಕಣ್ಣು ಮುಚ್ಚಿ ಕೊಟ್ಟರೂ ಗುರುತು ಹಿಡಿಯುತ್ತಾನೆ. ಕೆಳಗೆ ಬೀಳಿಸಿ ಒಡೆದುಬಿಡಲೇ ಅಂತಲೂ ಒಂದು ಗಳಿಗೆ ಅನ್ನಿಸಿತು. ಬೇಡದ ಗಾಜು ಮೇಜಿನ ಅಂಚಿನಿಂದ ಜಾರುವುದು, ಬೇಕಾದ ಗಾಜು ಬೀಳದೆ ಇರುವುದು, ಇದನ್ನೆಲ್ಲ ನಂಬಲು ಓಟಾ ನಿನ್ನೆ ಹುಟ್ಟಿದವನಲ್ಲ.

ಕೋಳಿಗೂಡಿನಲ್ಲಿ ಓಟಾ ಕುರ್ಚಿ ಎಳೆದುಕೊಳ್ಳಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು, ಇಗರ್ಜಿಯಲ್ಲಿ ನಿಂತವನ ಹಾಗೆ ಅವಳ ಕುರ್ಚಿಯ ಹಿಂದೆ ನಿಂತ.

"ಇಷ್ಟು ವರ್ಷದಿಂದ ನೋಡ್ತಿದ್ದೀನಿ" ಅಂದ, ಯಾವತ್ತೂ ಇಲ್ಲದ ಹಾಗೆ ಮಾತು ಹರಿಯುತ್ತಿತ್ತು. "ಕುಂಬಳಕಾಯಿ ಬೆಳ್ದೋನ ಹೆಸರು ಬರ್ದೆ. ನಾಯಿ ಹೆಸರೂ ಬರ್ದೆ, ಫೆರ್ಡಾ ಅಂತ. ಎಲ್ಲಾ ನಾನು ಮಸೆದ ಗಾಜಿನ ಮೇಲೇ. ನಾನು ಹಲಗೆ ಆಚೆ ಕೂತು ಯೋಚಿಸ್ತಿದ್ದೆ, ಒಂದ್ಸಲ ನನ್ನ ಹೆಸರು ಬರೀತಾಳಲ್ಲ, ಆಗ ಹೆಂಗಿರತ್ತೆ ಚಕ್ರದ ಸದ್ದು ಅಂತ."

ಯಾರ್ಮಿಲಾಳ ಕೈ ಕಪಾಟಿನ ಹಿಡಿಯ ಮೇಲೆ ಇತ್ತು. "ಬರ್ಕೊಡು ಅಂದಿದ್ರೆ ಯಾವತ್ತೋ ಬರ್ಕೊಡ್ತಿದ್ನಲ್ಲೋ."

"ಕೇಳಿ ಬರೆಸ್ಕೊಳ್ಳೋಕೆ ಅದೇನು ಬಾಗಿಲಿನ ಬೋರ್ಡಾ? ಗೆದ್ದು ಬರೆಸ್ಕೋಬೇಕು."

ಇಷ್ಟಾದ ಮೇಲೆ ಇನ್ನೇನು ಉಪಾಯ? ಯಾರ್ಮಿಲಾ ಕಪಾಟು ತೆರೆದಳು, ಕಾಗದ ಬಿಚ್ಚಿದಳು, ಗಾಜನ್ನು ಅವನ ಕೈಗೇ ಕೊಟ್ಟಳು. "ಬೈಯೋದಾದ್ರೆ ಬೈದ್ಬಿಡು" ಅಂದಳು.

ಓಟಾ ಓದಿದ. ಒಂದು ಸಲ ಮುಂದಿನಿಂದ, ಇನ್ನೊಂದು ಸಲ ತಿರುಗಿಸಿ ಹಿಂದಿನಿಂದ, ಹಿಂದಿನಿಂದಾದರೂ ಬೇರೆ ಹೆಸರು ಇರಬಹುದು ಅನ್ನುವ ಹಾಗೆ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಪ್ರತಿ ವರ್ಷ ಹಿಂಗೇ ಮುಂಚೆ ಬರೆದಿಡ್ತಿದ್ಯಾ?"

"ಇಲ್ಲ. ಇದೊಂದೇ ವರ್ಷ."

"ಇದೊಂದೇ ವರ್ಷ" ಅಂದ ಓಟಾ. ಆಮೇಲೆ, "ಅಕ್ಷರ ಚೆನ್ನಾಗಿ ಬಂದಿದೆ" ಅಂದ.

"ಓಟಾ, ನಂಗೆ ಒಂದ್ಸಲ ಬಿಸಿಲಲ್ಲಿ ಕೂರ್ಬೇಕು ಅನ್ನಿಸ್ತು. ಅಷ್ಟೇ ಕಣೋ. ನೀನು ಸೋಲ್ಲಿ ಅಂತ ಅಲ್ಲ."

"ಗೆಲ್ತೀನಿ ಅಂತಾನೂ ಅಲ್ಲ."

ಸುಳ್ಳು ಹೇಳುವ ಹೆಂಗಸಾಗಿದ್ದರೆ ಏನಾದರೂ ಹೇಳುತ್ತಿದ್ದಳೇನೋ. ಯಾರ್ಮಿಲಾಗೆ ಅದು ಬರುವುದಿಲ್ಲ. ಓಟಾ ಗಾಜು ಹಿಡಿದುಕೊಂಡು ಬಾಗಿಲು ದಾಟಿದ. ಮನೆ ಬಿಟ್ಟೇ ಹೋದನೇನೋ ಅಂತ ಅವಳು ಕಿವಿಗೊಟ್ಟಳು. ಹಲಗೆಯ ಆಚೆ ನೀರಿನ ನಲ್ಲಿ ತಿರುಗಿದ ಸದ್ದು, ಆಮೇಲೆ ಕಬ್ಬಿಣದ ಚಕ್ರದ ಒರಲು.

ಅವನು ಲುಬೋರನನ್ನು ಮಸೆದು ತೆಗೆಯುತ್ತಿದ್ದ. ಹೆಸರಿನ ಆಳ ಉಗುರಿನ ದಪ್ಪ, ಅಷ್ಟು ತೆಗೆಯಬೇಕಾದರೆ ಗಾಜಿನ ಬೆನ್ನು ಪೂರ್ತಿ ಇಳಿಯಬೇಕು. ಬೆನ್ನು ಇಳಿದರೆ ಅಂಚಿನ ಇಳಿಜಾರು ಹಿಂದುಗಡೆ ಸವೆದುಹೋಗುತ್ತದೆ, ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ತಾಳೆಯಾಗುವುದಿಲ್ಲ. ಅದನ್ನೂ ಸರಿಮಾಡುವಷ್ಟು ಹೊತ್ತು ಇರಲಿಲ್ಲ, ಸಂಜೆ ಹತ್ತಿರವಾಗುತ್ತಿತ್ತು. ಚಿತ್ರದ್ದು ಇನ್ನೊಂದು ಕಥೆ. ಹ್ರೀಬಿನ ಅಂಚೆಲ್ಲ ತೆಳುವಾಗಿ ಕೊರೆದದ್ದು, ಅದು ಹೆಸರಿನ ಜತೆಗೇ ಹೋಯಿತು. ನಡುವಿನ ಆಳದ ಭಾಗ ಮಾತ್ರ ಉಳಿಯಿತು. ಓಟಾ ಗಾಜು ತಂದು ಅವಳ ಮೇಜಿನ ಮೇಲಿಟ್ಟಾಗ ಅಷ್ಟು ದೊಡ್ಡ ಹ್ರೀಬ್ ಇದ್ದ ಜಾಗದಲ್ಲಿ ಈಗತಾನೇ ಮಣ್ಣಿನಿಂದ ತಲೆ ಎತ್ತಿದ ಗುಂಡಗಿನ ಮರಿ ಅಣಬೆ ಕೂತಿತ್ತು.

"ಬರಿ" ಅಂದ.

ಯಾರ್ಮಿಲಾ ಕೂತಳು. ಚಕ್ರಕ್ಕೆ ಎಣ್ಣೆ ಬಳಿದಳು. ಓಟಾ, ಮೂರೇ ಅಕ್ಷರ ನಮ್ಮ ಚೆಕ್ ಬರಹದಲ್ಲಿ. ಸೈಕಲ್ಲಿನವರ ಉದ್ದುದ್ದ ಹೆಸರುಗಳನ್ನೆಲ್ಲ ಹಾಡು ಗುನುಗುತ್ತಾ ಬರೆದವಳಿಗೆ ಆ ಮೂರು ಅಕ್ಷರಕ್ಕೆ ಅಂಗೈ ಬೆವರಿತು. ಮೊದಲನೆಯದು ದುಂಡಗೆ ಬರಬೇಕು, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಗೊತ್ತಾಗಬಾರದು. ಅದೊಂದನ್ನು ಮುಗಿಸಿ ಅವಳು ಉಸಿರು ಬಿಟ್ಟಳು. ಹಿಂದೆ ನಿಂತವನೂ ಬಿಟ್ಟ. ಬರೆದು ಮುಗಿಸಿ ಬಟ್ಟೆಯಿಂದ ಒರೆಸಿ ಕೊಟ್ಟಾಗ ಓಟಾ, "ಹೂಂ" ಅಂದ. ಅದು ಒಳ್ಳೆಯ ಹೂಂ ಅಥವಾ ಕೆಟ್ಟ ಹೂಂ ಅಂತ ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ತಿಳಿಯಲಿಲ್ಲ.

ಸಂಜೆ ಹಾಲ್ ತುಂಬಿತ್ತು. ಹೆರ್ಮಿನಾಳ ಮಾಂಸದ ಗೂಲಾಷ್, ಹಿಟ್ಟಿನ ಕಡುಬು, ಮೇಜಿಗೊಂದು ಬಿಯರ್ ಹೂಜಿ. ಓಟಾನ ಹೆಸರು ಕರೆದರು, ತುತ್ತೂರಿಯವನು ಊದಿದ, ಹೆರ್ಮಿನಾ ಗಾಜು ಕೊಟ್ಟು ಎರಡೂ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ವಾಡಿಕೆಯಂತೆ ಗಾಜು ಮೇಜಿನಿಂದ ಮೇಜಿಗೆ, ಕೈಯಿಂದ ಕೈಗೆ ಹೊರಟಿತು. ಬೇರೆ ಊರಿನಲ್ಲಿ ಬಹುಮಾನ ನೋಡಿ ಹೊಗಳುತ್ತಾರೆ, ನಮ್ಮೂರಲ್ಲಿ ದೀಪಕ್ಕೆ ಹಿಡಿದು ಪರೀಕ್ಷೆ ಮಾಡುತ್ತಾರೆ.

ಗಾಜು ಲುಬೋರನ ಕೈಗೆ ಬಂತು. ಅವನು ಹೆಬ್ಬೆರಳಿನ ಉಗುರನ್ನು ಹಿಂದಿನ ಅಂಚಿನ ಉದ್ದಕ್ಕೂ ಎಳೆದ. ನಿಲ್ಲಿಸಿದ. ಇನ್ನೊಂದು ಸಲ ಎಳೆದ.

"ಏನಯ್ಯ ಓಟಾ, ಹಿಂದಿನ ಅಂಚು ತಿಂದುಹೋಗಿದೆಯಲ್ಲ. ಅಣಬೇನೂ ಬಡವಾಗಿದೆ. ಯಾರು ಮಸೆದದ್ದು ಇದು?"

ವಾದ್ಯ ನಿಂತಿತು. ಅಂಥ ವಿಷಯಕ್ಕೆ ನಮ್ಮೂರಲ್ಲಿ ವಾದ್ಯದವರೂ ಕಿವಿಗೊಡುತ್ತಾರೆ.

"ನಾನೇ" ಅಂದ ಓಟಾ. "ಕೈ ಜಾರ್ತು. ಜಾಸ್ತಿ ಮಸೆದ್ಬಿಟ್ಟೆ."

"ಕೈ ಜಾರ್ತಾ? ನಿಂದಾ?"

"ವಯಸ್ಸಾಯ್ತಲ್ಲ."

"ಅಣಬೆ ಹಿಂದೆ ಓಡಾಡೋನ ಕೈಗೆ ಗಾಜು ಕೊಟ್ರೆ ಇನ್ನೇನಾಗತ್ತೆ" ಅಂತ ಹಿಂದಿನ ಮೇಜಿನಿಂದ ಯಾರೋ ಅಂದರು. ಜೋರು ನಗು. ಓಟಾನೂ ನಕ್ಕು ಬಿಯರ್ ಲೋಟ ಎತ್ತಿದ. ಕಿವಿ ಮಾತ್ರ ಕೆಂಪಾಗಿತ್ತು.

ಓಟಾ ತನ್ನನ್ನು ಕಾಪಾಡುತ್ತಿದ್ದಾನೆ ಅನ್ನುವುದು ಯಾರ್ಮಿಲಾಗೆ ಗೊತ್ತಾಯಿತು. ಅವಳನ್ನೋ, ಇಲ್ಲಾ ಹೆಂಡತಿಯೇ ನಂಬದ ಗಂಡ ಅನ್ನಿಸಿಕೊಳ್ಳುವುದರಿಂದ ತನ್ನನ್ನೇ ತಾನೋ. ಏನಾದರೂ ಇರಲಿ, ಕೊಟ್ಟ ಬೆಲೆ ದೊಡ್ಡದಾಯಿತು. ನಮ್ಮೂರಲ್ಲಿ ಗಂಡಹೆಂಡಿರ ಜಗಳ ಒಂದು ಚಳಿಗಾಲ ಬಾಳುತ್ತದೆ, ಕೆಟ್ಟ ಅಂಚು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಒಂದೇ ಒಂದು ಹೂದಾನಿ ಸೊಟ್ಟ ಮಸೆದ ತಪ್ಪಿಗೆ, ಸತ್ತು ಮಣ್ಣಾದ ಮೇಲೂ ಒಬ್ಬನನ್ನು ಓರೆ ಹಿನೆಕ್ ಅಂತಲೇ ಕರೆಯುತ್ತಾರೆ, ಅವನ ಮೊಮ್ಮಗಳನ್ನು ಓರೆ ಹಿನೆಕನ ಮೊಮ್ಮಗಳು ಅನ್ನುತ್ತಾರೆ. ಹುಡುಗಿ ಇರುವುದೇನೋ ಬಾಣದ ಹಾಗೆ ನೆಟ್ಟಗೆ.

ಯಾರ್ಮಿಲಾ ಚಮಚ ಕೆಳಗಿಟ್ಟು ಎದ್ದು ನಿಂತಳು.

"ಕೈ ಜಾರಿದ್ದು ಅವಂದಲ್ಲ" ಅಂದಳು. ದನಿ ಅವಳಿಗೇ ವಿಚಿತ್ರವಾಗಿ ಕೇಳಿಸಿತು. "ಆ ಗಾಜಿನ ಮೇಲೆ ಲುಬೋರ್ ಅಂತ ಇತ್ತು. ನಾನು ಹೋದ ವಾರಾನೇ ಬರೆದಿಟ್ಟಿದ್ದೆ. ಇವತ್ತು ಬಿಸಿಲಲ್ಲಿ ಕೂತ್ಕೋಬೇಕು ಅಂತ. ಇವನು ಕೂತು ಅದನ್ನ ಮಸೆದು ತೆಗ್ದಿದ್ದಾನೆ. ಅಷ್ಟು ಇಳಿಸಿದ್ರೂ ಬೆನ್ನ ಮೇಲೆ ಒಂದು ಗೀರಾದ್ರೂ ಇದ್ಯಾ ನೋಡಿ, ದೀಪಕ್ಕೆ ಹಿಡಿದು ನೋಡಿ. ನಿಮ್ಮಲ್ಲಿ ಯಾರಾದ್ರೂ ಒಂದು ಮಧ್ಯಾಹ್ನದಲ್ಲಿ ಮಾಡ್ತೀರಾ ಅದನ್ನ?"

ನಗು ಎದ್ದಿತು ನೋಡಿ, ಕಿಟಕಿ ಗಾಜುಗಳು ಅದುರಿದವು. ಎಲ್ಲರಿಗಿಂತ ಜೋರಾಗಿ ನಕ್ಕವನು ಲುಬೋರ್, ಮೇಜು ಬಡಿದು ಬಡಿದು ಕಣ್ಣಲ್ಲಿ ನೀರು ಬಂತು. "ನಮ್ಮನೇಲಿ ನಾನು ಕಾಡಿಂದ ವಾಪಸ್ ಬರ್ತೀನಿ ಅಂತಾನೇ ಯಾರೂ ನಂಬಲ್ಲ ತಾಯಿ. ನೀನು ಗಾಜಲ್ಲೇ ಬರೆದಿಟ್ಟಿದ್ಯಾ?" ಅಂದ. ನಗು ಮುಗಿದ ಮೇಲೆ ಗಾಜನ್ನು ಮತ್ತೆ ದೀಪಕ್ಕೆ ಹಿಡಿದ. ಬೆನ್ನನ್ನು ಬಹಳ ಹೊತ್ತು ನೋಡಿದ. ಮುಖದ ನಗು ಇಳಿಯಿತು. "ಗೀರಿಲ್ಲ" ಅಂತ ಪಕ್ಕದವನಿಗೆ ಕೊಟ್ಟ. ಅವನೂ ನೋಡಿ, "ಇಲ್ಲ" ಅಂದ.

ಅಷ್ಟರಲ್ಲಿ ಓಟಾ ಹೊರಗೆ ಹೋಗಿಬಿಟ್ಟಿದ್ದ. ಯಾರ್ಮಿಲಾ ಹೋಗಿ ನೋಡಿದರೆ ಹಾಲ್‌ನ ಹಿಂದೆ, ಖಾಲಿ ಬಿಯರ್ ಪೀಪಾಯಿಯ ಮೇಲೆ ಕೂತಿದ್ದ. ಅವಳು ಪಕ್ಕದ ಪೀಪಾಯಿಯ ಮೇಲೆ ಕೂತಳು.

"ನಾನು ಮುಚ್ಚಿ ಹಾಕಿದ್ದೆ" ಅಂದ ಅವನು. "ನೀನ್ಯಾಕೆ ಎದ್ದು ಹೇಳ್ಬೇಕಿತ್ತು? ಇನ್ನು ಬಾಯಿಗೆ ಬಂದ ಹಾಗೆ ಆಡ್ಕೋತಾರೆ. ಹೆಂಡ್ತಿಗೇ ಅವನ ಮೇಲೆ ನಂಬಿಕೆ ಇರ್ಲಿಲ್ಲ ಅಂತ."

"ಆಡ್ಕೊಳ್ಳಲಿ ಬಿಡು. ಇರ್ಲಿಲ್ಲ, ನಿಜ ತಾನೆ. ಅಣಬೆ ವಿಷಯದಲ್ಲಿ ನಿನ್ನನ್ನ ನಾನು ಯಾವತ್ತೂ ನಂಬಿಲ್ಲ, ಮುಂದಿನ ವರ್ಷಾನೂ ನಂಬಲ್ಲ."

"ಮತ್ತೆ?"

"ನಿನ್ನ ಕೈ ಜಾರ್ತು ಅಂತ ಅವರು ನಕ್ರಲ್ಲ, ಅದನ್ನ ಕೇಳ್ಕೊಂಡು ಕೂತಿರೋಕೆ ನಂಗೆ ಆಗ್ಲಿಲ್ಲ." ಯಾರ್ಮಿಲಾಳ ದನಿ ಅಲ್ಲಿಗೆ ಒಡೆಯಿತು. "ನಾನು ಇಡೀ ಜನ್ಮದಲ್ಲಿ ಏನೇನು ಕೆಲಸ ಮಾಡಿದ್ದೀನೋ, ಅದಷ್ಟೂ ನೀನು ಮಸೆದ ಗಾಜಿನ ಮೇಲೇ ಇರೋದು ಕಣೋ. ಒಂದಿನಾನೂ ಅಂಚು ಸರಿಯಿದ್ಯಾ ಅಂತ ನೋಡಿಲ್ಲ ನಾನು. ನೋಡದೇನೇ ಕೈಗೆ ತಗೊಂಡಿದ್ದೀನಿ."

ಗೆದ್ದಾಗ ನಗುತ್ತಿದ್ದವನಿಗೆ, ಲುಬೋರನ ಹೆಸರು ನೋಡಿದಾಗಲೂ ಕಲ್ಲಿನ ಹಾಗೆ ನಿಂತವನಿಗೆ, ಈಗ ಅಳು ಬಂತು. ದೊಡ್ಡ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಯಾರ್ಮಿಲಾ ತಡೆಯಲಿಲ್ಲ. ತನ್ನ ಪೀಪಾಯಿಯನ್ನು ಅವನ ಹತ್ತಿರಕ್ಕೆ ಸ್ವಲ್ಪ ಎಳೆದುಕೊಂಡು, ಅವನು ಮುಗಿಸುವವರೆಗೆ ಕೂತಿದ್ದಳು.